ಒದ್ದೆ ಶೂ, ಬಿಗಿ ಟೈ ಮತ್ತು ಗೇಟಿನ ತಪಾಸಣೆ

ಓದುಗರ ಪತ್ರ:

"ನಮಸ್ಕಾರ. ನನ್ನ ಮಗಳು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ರಾಜ್ಯ ಪಠ್ಯಕ್ರಮ. ಶರ್ಟು, ಅದರ ಮೇಲೆ ಪಿನಫೋರ್, ಟೈ, ಬೆಲ್ಟು, ಕರಿ ಲೆದರ್ ಶೂ. ಬಿಸಿಲಿರಲಿ ಮಳೆಯಿರಲಿ ಇದೇ. ಹಿಂದಿನ ಸಂಜೆ ಮಳೆಗೆ ಶೂ ನೆಂದಿತ್ತು ಅಂತ ಒಂದು ದಿನ ಬಿಳಿ ಕ್ಯಾನ್ವಾಸ್ ಹಾಕಿ ಕಳಿಸಿದೆ. ಮೊದಲ ಎರಡು ಪೀರಿಯಡ್ ಕ್ಲಾಸಿನ ಹೊರಗೆ ನಿಲ್ಲಿಸಿದರು. ಕೇಳಲು ಹೋದರೆ 'ರೂಲ್ಸ್ ಎಲ್ಲರಿಗೂ ಒಂದೇ, ಇಷ್ಟವಿಲ್ಲ ಅಂದ್ರೆ ಟಿಸಿ ತಗೊಳ್ಳಿ' ಎಂದರು. ಮನೆಯಲ್ಲಿ ಯಜಮಾನರೂ 'ಮಕ್ಕಳಿಗೆ ಶಿಸ್ತು ಬೇಡ್ವಾ?' ಅನ್ನುತ್ತಾರೆ. ನಾನು ಜಾಸ್ತಿ ಕೇಳುತ್ತಿದ್ದೇನಾ?"
– ಹೆಸರು ಬೇಡವೆಂದ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಜಾಸ್ತಿ ಏನೂ ಕೇಳುತ್ತಿಲ್ಲ. ಕೇಳಬೇಕಾದ್ದರಲ್ಲಿ ಅರ್ಧವನ್ನೂ ಕೇಳಿಲ್ಲ ಅಂತಲೇ ನನಗನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಸಮವಸ್ತ್ರದ ವಿರೋಧಿಯಲ್ಲ. ಆಟೊ ಓಡಿಸುವವರ ಮಗಳೂ ಅಪಾರ್ಟ್‌ಮೆಂಟ್ ಕಟ್ಟಿಸುವವರ ಮಗಳೂ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದಲ್ಲಿ ಕೂರುವುದು ಸಣ್ಣ ವಿಷಯವಲ್ಲ. ದಿನಾ ಬೆಳಿಗ್ಗೆ ಯಾವ ಬಟ್ಟೆ ಎನ್ನುವ ಜಗಳವೂ ಇಲ್ಲ. ಸಂಜೆ ನಾಲ್ಕಕ್ಕೆ ಮೂರು ಶಾಲೆ ಒಟ್ಟಿಗೆ ಬಿಟ್ಟಾಗ ವ್ಯಾನಿನ ಡ್ರೈವರ್ ತನ್ನ ಮಕ್ಕಳನ್ನು ಗುರುತಿಸುವುದೇ ಬಟ್ಟೆಯಿಂದ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತವಾಗಿ ಸಿಗುವ ಬಟ್ಟೆ ಎಷ್ಟು ಮನೆಗಳಲ್ಲಿ ಮಗುವಿನ ಒಳ್ಳೆಯ ಬಟ್ಟೆಯೂ ಹೌದು. ಇಷ್ಟಕ್ಕೆಲ್ಲ ಬೇಕಾದ್ದು ಬಣ್ಣ. ಟೈ ಬೇಕಿಲ್ಲ, ಲೆದರ್ ಶೂ ಬೇಕಿಲ್ಲ, ಇಂಥದ್ದೇ ಅಂಗಡಿಯ ಟೆರಿಕಾಟ್ (ಪಾಲಿಯೆಸ್ಟರ್, ಹತ್ತಿ ಬೆರೆತ) ಬಟ್ಟೆಯೂ ಬೇಕಿಲ್ಲ. ಬಣ್ಣ ಯಾವುದು ಅಂತ ಶಾಲೆ ಹೇಳಲಿ, ಉಳಿದದ್ದರಲ್ಲಿ ಮಗುವಿನ ಮೈ ಮತ್ತು ನಮ್ಮೂರಿನ ಹವೆಯ ಮಾತು ನಡೆಯಲಿ. ನನ್ನ ವಾದ ಇಷ್ಟೇ.

ಇನ್ನೊಂದು ಮಾತು. ಸಮವಸ್ತ್ರ ಅಂದ ತಕ್ಷಣ ನಮ್ಮ ರಾಜ್ಯದಲ್ಲಿ ಎಲ್ಲರಿಗೂ 2022ರ ಹಿಜಾಬ್ ವಿವಾದ ನೆನಪಾಗುತ್ತದೆ. ಆ ವರ್ಷ ಮಾರ್ಚ್‌ನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಅದು ಬೇರೆಯೇ ಚರ್ಚೆ, ಇಲ್ಲಿಗೆ ಎಳೆದು ತರುವುದಿಲ್ಲ. ಆದರೆ ಆ ಗಲಾಟೆಯಾದ ಮೇಲೆ ಸಮವಸ್ತ್ರದ ಬಗ್ಗೆ ಬಾಯಿಬಿಡಲು ಪೋಷಕರಿಗೆ ಅಳುಕು, ಕೇಳಿಸಿಕೊಳ್ಳಲು ಶಾಲೆಗಳಿಗೂ ಅಳುಕು. ಶೂ ಒದ್ದೆಯಾಗಿದೆ ಅಂದರೂ ಯಾವುದೋ ದೊಡ್ಡ ಹೋರಾಟ ಶುರುವಾಯಿತು ಎನ್ನುವ ಹಾಗೆ ನೋಡುತ್ತಾರೆ.

ಶೂ ವಿಷಯಕ್ಕೇ ಬರೋಣ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಶಾಲೆ ಶುರುವಾಗುವ ಜೂನ್‌ನಲ್ಲಿ ಅಲ್ಲ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಅದರಲ್ಲೂ ಸಂಜೆ ಮಳೆ. ಸರಿಯಾಗಿ ಶಾಲೆ ಬಿಡುವ ಹೊತ್ತಿಗೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ, ಮಗು ಅದರಲ್ಲೇ ನಡೆದು ಬರುತ್ತದೆ. ಲೆದರ್ ಶೂ ಒಮ್ಮೆ ಒಳಗಿಂದ ನೆಂದರೆ ಒಂದು ರಾತ್ರಿಯಲ್ಲಿ ಒಣಗುವ ಮಾತೇ ಇಲ್ಲ. ಫ್ಯಾನ್ ಕೆಳಗಿಡುತ್ತೀರಿ, ಫ್ರಿಜ್ ಹಿಂದೆ ಇಡುತ್ತೀರಿ, ಒಳಗೆ ಪೇಪರ್ ತುರುಕುತ್ತೀರಿ. (ನಮ್ಮ ಪತ್ರಿಕೆಯ ನುಣುಪು ಹಾಳೆ ನೀರು ಹೀರುವುದಿಲ್ಲ, ಅದಕ್ಕೆ ದಿನಪತ್ರಿಕೆಯೇ ಆಗಬೇಕು.) ಬೆಳಿಗ್ಗೆ ಮೇಲೆ ಪಾಲಿಶ್ ಹಚ್ಚಿದರೆ ಫಳಫಳ ಹೊಳೆಯುತ್ತದೆ. ಒಳಗೆ ಕೈ ಹಾಕಿದರೆ ತಣ್ಣಗೆ ಒದ್ದೆ. ಗೇಟಿನಲ್ಲಿ ನಿಂತವರು ನೋಡುವುದು ಮೇಲಿನ ಹೊಳಪನ್ನು ಮಾತ್ರ. ಆ ಶೂ ಪಾಸು, ನಿಮ್ಮ ಮಗಳ ಒಣಗಿದ ಕ್ಯಾನ್ವಾಸ್ ಫೇಲು!

ಒದ್ದೆ ಸಾಕ್ಸ್ ಹಾಕಿಕೊಂಡು ಆರೇಳು ಗಂಟೆ ಕೂತ ಮಗುವಿನ ಕಾಲು ಸಂಜೆ ಬಿಚ್ಚಿ ನೋಡಿ. ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಬೆರಳ ಸಂದು ಕೆಂಪಾಗಿರುತ್ತದೆ. ಹೀಗೇ ದಿನಾ ನಡೆದರೆ ಅಲ್ಲಿ ಫಂಗಸ್ ಹತ್ತುತ್ತದೆ, ತುರಿಕೆ ಶುರುವಾಗುತ್ತದೆ. ಚರ್ಮದ ಡಾಕ್ಟರು ಮುಲಾಮು ಕೊಟ್ಟು 'ಕಾಲು ಒಣಗಿಸಿಟ್ಟುಕೊಳ್ಳಿ' ಎನ್ನುತ್ತಾರೆ. ಎಲ್ಲಿ ಒಣಗಿಸುವುದು? ಸರ್ಕಾರಿ ಶಾಲೆಗಳ ಶೂ ಖರೀದಿಗೆ ಶಿಕ್ಷಣ ಇಲಾಖೆಯೇ ಕೊಟ್ಟ ಸೂಚನೆಯಲ್ಲಿ, ಅಲ್ಲಲ್ಲಿಯ ಹವಾಗುಣ ನೋಡಿ ಶೂ ಬದಲು ಸ್ಯಾಂಡಲ್ ಕೊಳ್ಳಬಹುದು ಎಂದಿದೆ. ಸರ್ಕಾರಿ ಕಚೇರಿಗೆ ಹೊಳೆದದ್ದು ಫೀಸು ತಗೊಳ್ಳುವ ಶಾಲೆಗೆ ಹೊಳೆಯಬಾರದೇ?

ಇನ್ನು ಬಟ್ಟೆ. ಇದರ ಬಗ್ಗೆ ನೀವು ಬರೆದಿಲ್ಲ, ನಾನೇ ಎತ್ತುತ್ತಿದ್ದೇನೆ. ಮಗಳ ಪಿನಫೋರ್ ಯಾವ ಬಟ್ಟೆಯದು ಅಂತ ಗೊತ್ತಾ? ಬಟ್ಟೆ ವ್ಯಾಪಾರದವರು ಮಾಡುವ ಒಂದು ಪರೀಕ್ಷೆ ಇದೆ. ಒಳಗಿನ ಮಡಿಕೆಯ ಅಂಚಿನಿಂದ ಒಂದು ಎಳೆ ಕಿತ್ತುಕೊಳ್ಳಿ. ಹೊಲಿಗೆಯ ದಾರ ಬೇಡ, ಬಟ್ಟೆಯ ಎಳೆಯೇ ಬೇಕು. ಸ್ಟೀಲ್ ತಟ್ಟೆಯ ಮೇಲೆ ಹಿಡಿದು ಬೆಂಕಿಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಮುದುರಿಕೊಂಡು ಕರಗುತ್ತದೆ. ತಣ್ಣಗಾದ ಮೇಲೆ ಗಟ್ಟಿ ಗುಂಡು ಉಳಿಯುತ್ತದೆ, ಉಗುರಲ್ಲಿ ಒತ್ತಿದರೂ ಪುಡಿಯಾಗುವುದಿಲ್ಲ. ಎರಡೂ ಬೆರೆತಿದ್ದರೆ ಉರಿಯುವುದೂ ಉಂಟು, ಗುಂಡು ಕಟ್ಟುವುದೂ ಉಂಟು. ಯೂನಿಫಾರ್ಮ್ ಬಟ್ಟೆಯಲ್ಲಿ ಗುಂಡು ಸಿಗದೇ ಇರುವುದೇ ಅಪರೂಪ.

ಇದರಿಂದ ಏನಾಯಿತು ಅಂತೀರಾ? ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ 0.4ರಷ್ಟು ಮಾತ್ರ. ಬೆವರನ್ನು ಬಟ್ಟೆ ತಗೊಳ್ಳದಿದ್ದರೆ ಅದು ಮೈಮೇಲೇ ಉಳಿಯಬೇಕು. ಶರ್ಟು, ಅದರ ಮೇಲೆ ಪಿನಫೋರ್, ಸೊಂಟಕ್ಕೆ ಬೆಲ್ಟು, ಲಂಗದ ಒಳಗೆ ಒಂದು ಸೈಕ್ಲಿಂಗ್ ಶಾರ್ಟ್ಸ್. ಪಕ್ಕದ ಬೆಂಚಿನ ಹುಡುಗ ಒಂದು ಪದರದಲ್ಲಿ ಕೂತಿದ್ದರೆ ಹುಡುಗಿಗೆ ಮೂರು. 'ಬೆಂಗಳೂರು ತಂಪಿನ ಊರು, ಇಲ್ಲಿಗೇನು' ಅನ್ನುವವರಿದ್ದಾರೆ. ಈ ಊರಿನ ದಾಖಲೆ ಬಿಸಿಲು 39.2 ಡಿಗ್ರಿ, 2016ರ ಏಪ್ರಿಲ್ 25ರಂದು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿತ್ತು. ಏಪ್ರಿಲ್ ಕೊನೆಗೆ ನಿಮ್ಮ ಶಾಲೆಗೆ ರಜೆ, ನಿಜ. ಆದರೆ ಮಾರ್ಚ್ ಪರೀಕ್ಷೆ ಬರೆಯುವುದು ಇದೇ ಉಡುಪಿನಲ್ಲಿ. ಶೀಟ್ ಹೊದಿಸಿದ ಮೇಲಿನ ಮಹಡಿಯಲ್ಲಿ ಕ್ಲಾಸಿದ್ದರಂತೂ ಕೇಳುವುದೇ ಬೇಡ.

ಹಾಗಂತ ಪೂರ್ತಿ ಹತ್ತಿಯೇ ಆಗಲಿ ಅಂತ ಹಟ ಹಿಡಿಯಬೇಡಿ. ಶಾಲೆಗಳು ಟೆರಿಕಾಟ್ ಆರಿಸುವುದಕ್ಕೆ ಕಾರಣವಿದೆ, ಅದರಲ್ಲಿ ಅರ್ಧ ಕಾರಣ ನಾವು ಪೋಷಕರೇ. ಬಣ್ಣ ಮಾಸಬಾರದು, ಮುದುಡಬಾರದು, ಎರಡು ವರ್ಷ ಬಾಳಿಕೆ ಬರಬೇಕು. ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗಿರಬೇಕು, ಇಸ್ತ್ರಿ ಗಾಡಿಗೆ ಕೊಡುವ ತಾಪತ್ರಯವೂ ಇರಬಾರದು. ಮಳೆಗಾಲದಲ್ಲಿ ದಪ್ಪ ಹತ್ತಿ ಬಟ್ಟೆ ಒಣಗಿಸಿ ನೋಡಿ, ಪಾಲಿಯೆಸ್ಟರ್ ಕಂಡುಹಿಡಿದವನಿಗೆ ಕೈಮುಗಿಯುತ್ತೀರಿ. ಹತ್ತಿ ಜಾಸ್ತಿ ಇರುವ ಮಿಶ್ರ ಬಟ್ಟೆ, ಮೈಗೆ ತಾಗುವ ಶರ್ಟಿಗಾದರೂ. ಇಷ್ಟು ಕೇಳಿದರೆ ನ್ಯಾಯ. ಆದರೆ ಬಟ್ಟೆ ಒಂದೇ ಅಂಗಡಿಯಲ್ಲಿ ತಗೊಳ್ಳಬೇಕು ಅಂತ ಕಟ್ಟು ಹಾಕಿದ್ದರೆ ಈ ಆಯ್ಕೆ ನಿಮ್ಮ ಕೈಯಲ್ಲೇ ಇರುವುದಿಲ್ಲ. ಬಣ್ಣದ ತುಂಡೊಂದು ಕೊಟ್ಟರೆ ಚಿಕ್ಕಪೇಟೆಯಲ್ಲಿ ಹುಡುಕಿ ತರುವ ತಾಕತ್ತು ಬೆಂಗಳೂರಿನ ಅಮ್ಮಂದಿರಿಗೆ ಇದೆ.

ಇನ್ನೊಂದು ಸಂಗತಿ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಏಳನೇ ತರಗತಿ ಅಂದಿದ್ದೀರಲ್ಲ, ಬರೆಯಲೇಬೇಕು. ಎಷ್ಟೋ ಶಾಲೆಗಳಲ್ಲಿ ಬುಧವಾರ, ಶನಿವಾರ ಬಿಳಿ ಡ್ರೆಸ್. ಬಿಳಿ ಲಂಗ, ಬಿಳಿ ಶೂ, ಪಿಟಿ. ಮುಟ್ಟು ಶುರುವಾದ ಹುಡುಗಿಗೆ ಆ ಎರಡು ದಿನ ಹೇಗಿರುತ್ತದೆ ಅಂತ ಆ ನಿಯಮ ಮಾಡಿದವರು ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ. ಬೆಂಚಿನಿಂದ ಏಳುವ ಮುಂಚೆ ಗೆಳತಿಗೆ 'ಹಿಂದೆ ನೋಡೇ' ಎನ್ನುತ್ತಾರೆ. ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. 'ಸ್ವೆಟರ್ ಸೊಂಟಕ್ಕೆ ಕಟ್ಟುವ ಹಾಗಿಲ್ಲ' ಅಂತ ಅದಕ್ಕೂ ಒಂದು ರೂಲು ಇರುವ ಶಾಲೆಗಳಿವೆ. ಕಡೆಗೆ ಶನಿವಾರ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಾರೆ. ಬಿಳಿ ಟಿ-ಶರ್ಟಿಗೆ ಕಡುನೀಲಿ ಟ್ರ್ಯಾಕ್ ಪ್ಯಾಂಟ್ ಅಂತ ಮಾಡಿದರೆ ಮುಗಿಯಿತು. ಯಾರಿಗೂ ಒಂದು ರೂಪಾಯಿ ನಷ್ಟವಿಲ್ಲ.

ಪಕ್ಕದ ಕೇರಳದಲ್ಲಿ ಇದು ಆಗಿದೆ. ಎರ್ನಾಕುಲಂ ಜಿಲ್ಲೆಯ ವಳಯಂಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಕೆಲವು ವರ್ಷಗಳ ಹಿಂದೆಯೇ ಹುಡುಗ ಹುಡುಗಿ ಇಬ್ಬರಿಗೂ ಶರ್ಟು ಮತ್ತು ಮೊಣಕಾಲು ದಾಟುವ ಚಡ್ಡಿ ತಂದಿತು. 2021ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಶಾಲೆಯೊಂದರಲ್ಲಿ ಹುಡುಗಿಯರು ಪ್ಯಾಂಟು ಶರ್ಟು ಹಾಕಿಕೊಂಡು ಬಂದಾಗ ಪ್ರತಿಭಟನೆಯೂ ಆಯಿತು. ಹುಡುಗಿಯರೆಲ್ಲ ಪ್ಯಾಂಟೇ ಹಾಕಬೇಕು ಅಂತ ನಾನು ಹೇಳುವುದಿಲ್ಲ. ಅದೂ ಇನ್ನೊಂದು ಕಟ್ಟುಪಾಡಾದೀತು. ಪಿನಫೋರ್, ಚೂಡಿದಾರ್, ಪ್ಯಾಂಟು, ಮೂರರಲ್ಲಿ ಯಾವುದಾದರೂ ಅಂತ ಬಿಟ್ಟರೆ ಸಾಕು.

ಟೈ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲಾಸ್ಟಿಕ್ ಹಾಕಿದ ಆ ಟೈಯಿಂದ ಯಾವ ಮಗು ಏನು ಕಲಿತಿದೆಯೋ ನನಗೆ ಗೊತ್ತಿಲ್ಲ. ಟೈ ತಂದ ಇಂಗ್ಲೆಂಡಿನಲ್ಲೇ, 2017ರ ಜೂನ್ ಸೆಕೆಯಲ್ಲಿ, ಎಕ್ಸಿಟರ್ ಎಂಬ ಊರಿನ ಶಾಲೆಯೊಂದು ಹುಡುಗರಿಗೆ ಚಡ್ಡಿ ಹಾಕಲು ಬಿಡಲಿಲ್ಲ. ಹುಡುಗರು ಸುಮ್ನೆ ಕೂರಲಿಲ್ಲ, ಹುಡುಗಿಯರ ಸ್ಕರ್ಟ್ ಹಾಕಿಕೊಂಡು ಬಂದರು. ಸ್ಕರ್ಟ್ ಸಮವಸ್ತ್ರದ ಪಟ್ಟಿಯಲ್ಲೇ ಇತ್ತಲ್ಲ!

ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಬಿಸಿಗಾಳಿಯ ಬಗ್ಗೆ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು. ತಿಳಿ ಬಣ್ಣದ ಸಡಿಲ ಹತ್ತಿ ಬಟ್ಟೆಗೆ ಅವಕಾಶ ಕೊಡಬಹುದು, ಟೈನಂಥ ನಿಯಮ ಸಡಿಲಿಸಬಹುದು, ಲೆದರ್ ಶೂ ಬದಲು ಕ್ಯಾನ್ವಾಸ್ ಬಿಡಬಹುದು ಎಂದು ಅದರಲ್ಲಿದೆ. ಕ್ಯಾನ್ವಾಸ್! ನಿಮ್ಮ ಮಗಳನ್ನು ಹೊರಗೆ ನಿಲ್ಲಿಸಿದ್ದು ಯಾವುದಕ್ಕೋ ಅದೇ. ಇದು ಸಲಹೆ, ಆದೇಶವಲ್ಲ, ಅದೂ ಬಿಸಿಲಿಗೆ ಬರೆದದ್ದು. ಆದರೂ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಹೊರಗೆ ನಿಲ್ಲಿಸಿದ್ದು ಮಾತ್ರ ಸಲಹೆಯ ಮಟ್ಟದ ವಿಷಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಹಿಂಸೆಯನ್ನೂ ಕೊಡಬಾರದು ಎನ್ನುತ್ತದೆ. ಶೂ ತಂದುಕೊಟ್ಟದ್ದು ನೀವು. ಮಳೆ ತಂದದ್ದು ಮೇಲಿನವನು. ಪಾಠ ತಪ್ಪಿಸಿಕೊಂಡು ಎಲ್ಲರ ಕಣ್ಣೆದುರು ನಿಂತದ್ದು ಹನ್ನೆರಡು ವರ್ಷದ ಹುಡುಗಿ. ಡೈರಿಯಲ್ಲಿ ಬರೆದಿದ್ದರೆ ಸಾಕಿತ್ತು, ನಿಮಗೆ ಫೋನ್ ಮಾಡಿದ್ದರೂ ಸಾಕಿತ್ತು. ಗೇಟಿನ ತಪಾಸಣೆ ಯಾಕೆ ಇಷ್ಟು ಜೋರು ಅಂದರೆ, ಅದು ಸುಲಭ. ನಲವತ್ತು ಮಕ್ಕಳಿಗೆ ಭಿನ್ನರಾಶಿ ಅರ್ಥವಾಯಿತೋ ಇಲ್ಲವೋ ನೋಡುವುದು ಕಷ್ಟ. ನಲವತ್ತು ಜೊತೆ ಶೂ ನೋಡಲು ಎರಡು ನಿಮಿಷ.

ಈಗ ನೀವೇನು ಮಾಡಬೇಕು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಅಲ್ಲಿ ನಲವತ್ತು ಜನ ಹೆಬ್ಬೆಟ್ಟು ಒತ್ತುತ್ತಾರೆ, ಮೀಟಿಂಗ್ ದಿನ ನೀವೊಬ್ಬರೇ ಕೂತಿರುತ್ತೀರಿ. ನಾಲ್ಕೈದು ಪೋಷಕರು ಸೇರಿ ಒಂದು ಪುಟದ ಪತ್ರ ಬರೆಯಿರಿ. ಮಳೆ ಬಂದ ಮರುದಿನ ಕ್ಯಾನ್ವಾಸ್ ಅಥವಾ ಸ್ಯಾಂಡಲ್, ಫೆಬ್ರವರಿಯಿಂದ ಟೈ ಬೇಡ, ಸಮವಸ್ತ್ರದ ತಪ್ಪಿಗೆ ಕ್ಲಾಸ್ ತಪ್ಪಿಸುವ ಹಾಗಿಲ್ಲ. ಇಷ್ಟೇ ಇರಲಿ. ಬಟ್ಟೆ, ಬಿಳಿ ಡ್ರೆಸ್ಸಿನ ಮಾತು ಮುಂದಿನ ಸುತ್ತಿಗೆ. ಸ್ವೀಕೃತಿಯ ಸಹಿ ತಗೊಳ್ಳಿ.

'ಐದು ವರ್ಷ ಸಮವಸ್ತ್ರ ಬದಲಿಸುವ ಹಾಗಿಲ್ಲ, ಸರ್ಕಾರದ ರೂಲ್ಸೇ ಇದೆ' ಎಂಬ ಉತ್ತರ ಬರಬಹುದು. ರೂಲ್ಸ್ ಇರುವುದು ನಿಜ. ಶಿಕ್ಷಣ ಸಂಸ್ಥೆಗಳಿಗೆ ಮಾಡಿದ 1995ರ ಕರ್ನಾಟಕದ ನಿಯಮಗಳಲ್ಲಿ 11ನೆಯದು. ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಬಾರದು, ಬದಲಿಸುವುದಾದರೆ ಒಂದು ವರ್ಷ ಮುಂಚೆ ಪೋಷಕರಿಗೆ ತಿಳಿಸಬೇಕು. ವರ್ಷಕ್ಕೊಂದು ಡಿಸೈನ್ ಮಾಡಿ ಪೋಷಕರ ಜೇಬು ಖಾಲಿ ಮಾಡದಿರಲಿ ಅಂತ ಇರುವ ತಡೆ ಅದು ಎಂದೇ ನಾನು ಓದಿಕೊಳ್ಳುತ್ತೇನೆ. ಸೆಕೆಗೆ ಟೈ ಬಿಚ್ಚಿಸಿದರೆ ಸಮವಸ್ತ್ರ ಬದಲಾಗುವುದಿಲ್ಲ, ಯಾರೂ ಹೊಸದೇನೂ ಕೊಳ್ಳಬೇಕಿಲ್ಲ.

ಪತ್ರಕ್ಕೂ ಉತ್ತರ ಬರದೆ, ಮಗಳನ್ನು ಮತ್ತೆ ಹೊರಗೆ ನಿಲ್ಲಿಸಿದರೆ ನಿಮ್ಮ ಭಾಗದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ದೂರು ತಗೊಳ್ಳುತ್ತದೆ. ಆದರೆ ಅದು ಕೊನೆಗೆ. ಮೊದಲೇ ದೂರು ಕೊಟ್ಟರೆ ಗೆದ್ದರೂ ಮಗು ಅದೇ ಟೀಚರ ಕ್ಲಾಸಿನಲ್ಲಿ ಕೂರಬೇಕಲ್ಲ. ಪ್ರಿನ್ಸಿಪಾಲರಿಗೂ ಆಡಳಿತ ಮಂಡಳಿಗೂ ನಡುವೆ ಸಿಕ್ಕಿಕೊಂಡ ಟೀಚರುಗಳೂ ಇರುತ್ತಾರೆ. ಅವರೂ ದಿನವಿಡೀ ಅದೇ ಶೀಟಿನ ಕೆಳಗೆ ನಿಂತು ಪಾಠ ಮಾಡುವವರು. ಒಬ್ಬ ಟೀಚರ್ ನಿಮ್ಮ ಕಡೆ ಮಾತಾಡಿದರೆ ಕೆಲಸ ಬೇಗ ಆಗುತ್ತದೆ.

ಯಜಮಾನರ ಪ್ರಶ್ನೆ ಒಂದು ಉಳಿಯಿತು. ಶಿಸ್ತು ಬೇಕು, ಅದರಲ್ಲಿ ಅವರ ಪಕ್ಷವೇ ನಾನು. ಹೊತ್ತಿಗೆ ಸರಿಯಾಗಿ ಹೋಗುವುದು, ಹೋಂವರ್ಕ್ ಮುಗಿಸುವುದು, ಒಗೆದ ಬಟ್ಟೆ ಹಾಕಿಕೊಳ್ಳುವುದು, ಎಲ್ಲವೂ ಬೇಕು. ಅವರಿಗೆ ಒಂದು ಕೆಲಸ ಹೇಳಿ: ಮಳೆ ಬಂದ ಮರುದಿನ ತಮ್ಮದೇ ಶೂ ಒಳಗೆ ಒಂದು ಲೋಟ ನೀರು ಹೊಯ್ದುಕೊಂಡು ಆಫೀಸಿಗೆ ಹೋಗಲಿ, ಸಂಜೆ ಮಾತಾಡೋಣ.

ಶಾಲೆ ಏನು ಹೇಳಿತು ಅಂತ ಬರೆಯಿರಿ. ಈ ಪುಟ ಓದುವ ಪ್ರಿನ್ಸಿಪಾಲರು ಯಾರಾದರೂ ಇದ್ದರೆ ಅವರೂ ಬರೆಯಲಿ. ಟೈ ಯಾಕೆ ಬೇಕೇಬೇಕು ಅಂತ ಗಟ್ಟಿ ಕಾರಣ ಕೊಟ್ಟರೆ ಅದನ್ನೂ ಇದೇ ಜಾಗದಲ್ಲಿ ಹಾಕುತ್ತೇನೆ.

– ಸಂಪಾದಕ