ಟ್ರಂಕಿನೊಳಗಿನ ನಾಟಕ ಕಂಪನಿ

ನಾಟಕ ಕಂಪನಿಗಳಿಂದ ಸಿನಿಮಾಕ್ಕೆ ಬಂದ ಮೊದಲ ತಲೆಮಾರಿನ ಕುಟುಂಬಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮಜ್ಜಿ ‘ಸತಿ ಸುಲೋಚನ’ದಲ್ಲಿ ಸಖಿಯ ಪಾತ್ರ ಮಾಡಿದ್ದರಂತೆ. ಮನೆಯಲ್ಲಿ ಹಳೆಯ ಹ್ಯಾಂಡ್‌ಬಿಲ್‌ಗಳಿವೆ, ಯಾವುದರಲ್ಲೂ ಇಸವಿ ಇಲ್ಲ. ಮಾತು ನಿಜವೋ ಅಲ್ಲವೋ ತಿಳಿಯುವುದು ಹೇಗೆ? (ಹೊಳೆನರಸೀಪುರ)

ಉತ್ತರ: ಚಿತ್ರ ನೋಡಿ ಗುರುತು ಹಿಡಿಯೋಣವೆಂದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಕಾಗದವೇ ಗತಿ. ಕನ್ನಡದ ಈ ಮೊದಲ ವಾಕ್ಚಿತ್ರ ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ತಯಾರಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಅಜ್ಜಿ ಆ ತಂಡದಲ್ಲಿದ್ದರೆ ಕೊಲ್ಲಾಪುರಕ್ಕೆ ಹೋಗಿ ವಾರಗಟ್ಟಲೆ ಅಲ್ಲಿ ಉಳಿದಿರಲೇಬೇಕು. ಮನೆಯವರ ನೆನಪಿನಲ್ಲಿ ಆ ಊರಿನ ಹೆಸರು ಎಲ್ಲೂ ಸುಳಿಯದಿದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಅದೇ ವರ್ಷ ‘ಭಕ್ತ ಧ್ರುವ’ವೂ ಬಂತು, ಮನೆಮಾತಿನಲ್ಲಿ ಎರಡೂ ಕಲಸಿಹೋಗುವುದುಂಟು. ಪೌರಾಣಿಕ ಕಥೆಗಳು ಕಂಪನಿಗಳಲ್ಲಿ ನಾಟಕವಾಗಿಯೂ ಆಡುತ್ತಿದ್ದವು. ‘ಸುಲೋಚನದಲ್ಲಿ ಮಾಡಿದ್ದರು’ ಎಂಬ ಮಾತು ರಂಗಕ್ಕೂ ಸಲ್ಲುತ್ತದೆ, ಅದೇನೂ ಕಡಿಮೆಯಲ್ಲ. ಟಾಕೀಸುಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಸಿಕ್ಕರೆ ಮೊದಲ ಪುಟಗಳಲ್ಲಿ ಪಾತ್ರವರ್ಗ ಇರುತ್ತದೆ, ಅದನ್ನು ನಂಬಬಹುದು.

ಹ್ಯಾಂಡ್‌ಬಿಲ್‌ಗೆ ಇಸವಿ ಕಂಡುಹಿಡಿಯುವುದು ಅಂಥ ಕಷ್ಟವಲ್ಲ. ಇಸವಿ ಬಿಟ್ಟವರೂ ವಾರ, ತಾರೀಖು ಬಿಡುತ್ತಿರಲಿಲ್ಲ. ಎಷ್ಟೋ ಸಲ ಸಂವತ್ಸರವೂ ಇರುತ್ತದೆ. ಒಂದು ತಾರೀಖಿಗೆ ಅದೇ ವಾರ 5, 6 ಇಲ್ಲವೇ 11 ವರ್ಷಕ್ಕೆ ಮರಳಿ ಬೀಳುತ್ತದೆ. ‘ಮಾರ್ಚ್ 3, ಶನಿವಾರ’ ಎಂದಷ್ಟೇ ಇದ್ದರೆ, 1925ರಿಂದ 1950ರೊಳಗೆ ಅದು 1928, 1934 ಅಥವಾ 1945. ಪಕ್ಕದಲ್ಲಿ ಪ್ರಭವ ಎಂದಿದ್ದರೆ 1928, ಶ್ರೀಮುಖ ಎಂದಿದ್ದರೆ 1934, ತಾರಣ ಎಂದಿದ್ದರೆ 1945. ಎಲ್ಲರೂ ಎಡವುವುದು ಯುಗಾದಿಯ ಹತ್ತಿರ. ಜನವರಿಯಿಂದ ಯುಗಾದಿಯ ಹಿಂದಿನ ದಿನದವರೆಗೆ ಹಳೆಯ ಸಂವತ್ಸರವೇ ನಡೆಯುತ್ತಿರುತ್ತದೆ. ಪಟ್ಟಿ ನೋಡಿ ‘1934 ಎಂದರೆ ಭಾವ’ ಎಂದುಬಿಟ್ಟರೆ ಆ ವರ್ಷದ ಮಾರ್ಚ್ 3ಕ್ಕೆ ಅದು ತಪ್ಪು. ಟಿಕೆಟ್ ದರವನ್ನೂ ನೋಡಿ. ಬರೀ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ ಮುಂದಿನ ಏಳು ವರ್ಷದೊಳಗಿನದು.

ಪ್ರಶ್ನೆ: ಅಟ್ಟದ ಮೇಲೆ ತುಕ್ಕು ಹಿಡಿದ ಅಗಲ ಡಬ್ಬಿಯಲ್ಲಿ ಫಿಲ್ಮ್ ಸುರುಳಿ ಸಿಕ್ಕಿದೆ. ತಾತ ಒಂದು ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಪ್ರೊಜೆಕ್ಟರ್‌ಗೆ ಹಾಕಿಸಿ ನೋಡಬಹುದೇ? (ಸಕಲೇಶಪುರ)

ಉತ್ತರ: ಖಂಡಿತ ಬೇಡ. ಸುರುಳಿಯನ್ನು ಪೂರ್ತಿ ಬಿಚ್ಚಲೂ ಹೋಗಬೇಡಿ. ಮೊದಲು ಅಗಲ ಅಳೆಯಿರಿ. 16 ಮಿ.ಮೀ. ಇದ್ದರೆ ಜೀವಕ್ಕೆ ಅಪಾಯವಿಲ್ಲ, ಆ ಅಳತೆಯ ಫಿಲ್ಮನ್ನು ನೈಟ್ರೇಟ್ ಎಂಬ, ಸುಲಭವಾಗಿ ಬೆಂಕಿ ಹಿಡಿಯುವ ಹಾಳೆಯ ಮೇಲೆ ಮಾಡುತ್ತಲೇ ಇರಲಿಲ್ಲ. 35 ಮಿ.ಮೀ., ಅಂದರೆ ಒಂದೂಕಾಲು ಇಂಚಿಗಿಂತ ತುಸು ಹೆಚ್ಚು ಇದ್ದರೆ, ಮತ್ತು 1951ರ ಸುಮಾರಿಗಿಂತ ಹಿಂದಿನದಾದರೆ, ನೈಟ್ರೇಟ್ ಎಂದೇ ತಿಳಿದು ನಡೆದುಕೊಳ್ಳಿ. ಸುರುಳಿಯ ಹೊರಗಿನ ಒಂದೆರಡು ಅಡಿಯ ಅಂಚನ್ನು ಹಗಲು ಬೆಳಕಿಗೆ ಹಿಡಿದರೆ ‘ಸೇಫ್ಟಿ’ (ಸುಲಭವಾಗಿ ಬೆಂಕಿ ಹಿಡಿಯದ ಬಗೆ) ಅಥವಾ ‘ನೈಟ್ರೇಟ್’ ಎಂಬ ಇಂಗ್ಲಿಷ್ ಅಕ್ಷರ ಕಾಣಬಹುದು. ‘ಸೇಫ್ಟಿ’ ಎಂದು ಕಂಡ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಬೇಡ. ಹಳೆಯ ಫಿಲ್ಮಿನಿಂದ ಹೊಸದಕ್ಕೆ ಅಚ್ಚಿಳಿಸುವಾಗ ಹಳೆಯದರ ಅಂಚಿನ ಬರಹವೂ ಇಳಿದು ಬರುತ್ತದೆ, ಎರಡೂ ಮಾತು ಒಂದೇ ಅಂಚಿನಲ್ಲಿ ಇರುವುದೂ ಉಂಟು.

ಕೆಲವರು ಒಂದು ತುಣುಕು ಕತ್ತರಿಸಿ ಕಡ್ಡಿ ಗೀರಿ ಪರೀಕ್ಷೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ನೈಟ್ರೇಟ್ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಕೆಡುವ ಕ್ರಮ ಹೀಗೆ: ಮೊದಲು ಚಿತ್ರ ಮಾಸಿ ಕಂದುಹಳದಿಯಾಗುತ್ತದೆ, ಆಮೇಲೆ ಪದರಗಳು ಅಂಟುತ್ತವೆ, ಗುಳ್ಳೆ ಎದ್ದು ಮೂಗಿಗೆ ಚುಚ್ಚುವ ಆಮ್ಲದ ವಾಸನೆ ಬರುತ್ತದೆ, ಗಟ್ಟಿ ಮುದ್ದೆಯಾಗುತ್ತದೆ, ಕೊನೆಗೆ ಕಂದು ಪುಡಿ. ಗುಳ್ಳೆಯ ಹಂತ ದಾಟಿದ್ದಕ್ಕೆ ಬೆಂಕಿ ಸೋಕಲೇಬೇಕೆಂದಿಲ್ಲ, 41 ಡಿಗ್ರಿ ಸೆಲ್ಸಿಯಸ್ ಶಾಖ ಬಹಳ ಹೊತ್ತು ನಿಂತರೆ ತಾನೇ ಹೊತ್ತಿಕೊಳ್ಳಬಹುದು. ಸಕಲೇಶಪುರ ತಂಪು ಊರು ನಿಜ, ಆದರೆ ಏಪ್ರಿಲ್ ಮಧ್ಯಾಹ್ನ ಜಿಂಕ್ ಶೀಟಿನ ಕೆಳಗಿನ ಅಟ್ಟ ತಂಪಲ್ಲ. ಪುಣೆಯಲ್ಲಿ 2003ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಸುರುಳಿಗಳಿಗೇ ಬೆಂಕಿ ಬಿದ್ದು ದೊಡ್ಡ ನಷ್ಟವಾಯಿತು.

ಡಬ್ಬಿಯನ್ನು ಅಲುಗಾಡಿಸದೆ, ಮನೆಯಿಂದ ದೂರದ, ನೆರಳಿನ, ಗಾಳಿಯಾಡುವ ಕೊಟ್ಟಿಗೆಗೆ ಸಾಗಿಸಿ. ಸೌದೆ, ಕಾಫಿ ಚೀಲ, ಪೆಟ್ರೋಲ್ ಕ್ಯಾನು ಹತ್ತಿರ ಇರಬಾರದು. ಮುಚ್ಚಳ ಬಿಗಿಯಬೇಡಿ, ಅನಿಲ ಹೊರಹೋಗಲಿ. ಪುಡಿ ಕಂಡರೆ ಮುಟ್ಟದೆ ಅಗ್ನಿಶಾಮಕ ಠಾಣೆಗೆ ತಿಳಿಸಿ. ಇಲ್ಲವಾದರೆ ಅಂಚಿನ ಬರಹದ ಫೋಟೊ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ಬರೆದು ಕೇಳಿ. ಬಸ್ಸಿನಲ್ಲೋ ರೈಲಿನಲ್ಲೋ ಪಾರ್ಸೆಲ್ಲಿನಲ್ಲೋ ಕಳಿಸುವ ಯೋಚನೆ ಬೇಡ. ಚುಚ್ಚುವ ವಾಸನೆಯ ಬದಲು ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್, ಅಂದರೆ ‘ಸೇಫ್ಟಿ’ ಫಿಲ್ಮ್. ಸುಡುವ ಭಯವಿಲ್ಲ, ಆದರೆ ಕುಗ್ಗಿ ಸುರುಟಿಕೊಳ್ಳುತ್ತದೆ, ಅದರ ಆವಿ ಪಕ್ಕದ ಸುರುಳಿಗಳನ್ನೂ ಕೆಡಿಸುತ್ತದೆ. ಅದನ್ನು ಬೇರೆ ಇಡಿ.

ಆಸೆಯ ವಿಷಯದಲ್ಲೂ ಒಂದು ಲೆಕ್ಕ. 10 ಇಂಚು ಅಗಲದ ಡಬ್ಬಿಯಲ್ಲಿ ಸುಮಾರು 1000 ಅಡಿ ಹಿಡಿಯುತ್ತದೆ. ವಾಕ್ಚಿತ್ರ ನಿಮಿಷಕ್ಕೆ 90 ಅಡಿ ಓಡುತ್ತದೆ, ಅಂದರೆ 11 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಇಂಥ 14 ಡಬ್ಬಿ ಬೇಕು. ನಿಮಗೆ ಸಿಕ್ಕಿರುವುದು ಒಂದು ಚಿತ್ರದ ತುಂಡೋ ವಾರ್ತಾಚಿತ್ರವೋ ಇರಬಹುದು. ಚಿತ್ರದ ಚೌಕದ ಪಕ್ಕದಲ್ಲಿ ಉದ್ದಕ್ಕೂ ಗೀರುಗೀರಾದ ಪಟ್ಟಿ ಇದ್ದರೆ ಅದೇ ಧ್ವನಿ, ವಾಕ್ಚಿತ್ರ. ಚಿತ್ರ ಅಗಲಕ್ಕೂ ತುಂಬಿಕೊಂಡಿದ್ದರೆ ಮೂಕಿ ಇರಬಹುದು. ಹಾಗಿದ್ದರೆ ಇನ್ನೂ ಜೋಪಾನ, ಕನ್ನಡಿಗರು ಮಾಡಿದ ಮೂಕಿ ಸಿಗುವುದೇ ಅಪರೂಪ.

ಪ್ರಶ್ನೆ: ಹಳೆಯ ಕಲಾವಿದರ ಮನೆಗಳ ಕಥೆ ಕೇಳಿದರೆ ಒಂದು ದಿನ ಆನೆ, ಇನ್ನೊಂದು ದಿನ ಗಂಜಿ. ಇಷ್ಟೊಂದು ಏರುಪೇರು ಯಾಕೆ? ಕುಡಿತ, ದುಂದು ಎನ್ನುತ್ತಾರೆ. (ಬೀರೂರು)

ಉತ್ತರ: ಕುಡಿತ, ದುಂದು ಎಲ್ಲ ಕಸುಬಿನಲ್ಲೂ ಇವೆ. ಇಲ್ಲಿ ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಕಂಪನಿ ಎಂದರೆ ದೊಡ್ಡ ಅಡುಗೆಮನೆ. 60 ಜನರ ಕಂಪನಿಗೆ ತಲೆಗೆ ದಿನಕ್ಕೆ ಅರ್ಧ ಸೇರು ಅಕ್ಕಿ ಹಿಡಿದರೂ 30 ಸೇರು ಬೇಯಬೇಕು, ಆಟ ಇರಲಿ ಬಿಡಲಿ. ಆದಾಯ ಮಾತ್ರ ಆಟ ಇದ್ದ ರಾತ್ರಿಯದು. ಜಿಂಕ್ ಶೀಟಿನ ಥಿಯೇಟರ್ ಮೇಲೆ ಮಳೆ ಬಿದ್ದರೆ ಮಾತು ಮುಂದಿನ ಸಾಲಿಗೂ ಕೇಳಿಸುವುದಿಲ್ಲ. ಕ್ಯಾಂಪ್ ಎತ್ತಿದರೆ ಪರದೆ, ಸೀನರಿ, ಪೆಟ್ಟಿಗೆಗಳ ರೈಲು ಬಾಡಿಗೆ. ನಿಮ್ಮ ಬೀರೂರು ಜಂಕ್ಷನ್ನಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಕಾರಣ, ಮನೆಯೂ ಕಂಪನಿಯೂ ಒಂದೇ ಆಗಿದ್ದುದು. ಮಾಲೀಕನೇ ನಾಯಕ, ಹೆಂಡತಿಯೇ ನಾಯಕಿ, ಮಗುವೇ ಲೋಹಿತಾಶ್ವ. ಸುಬ್ಬಯ್ಯನಾಯ್ಡು ಮತ್ತು ಲಕ್ಷ್ಮೀಬಾಯಿ ಗಂಡಹೆಂಡಿರು, ಗುಬ್ಬಿ ವೀರಣ್ಣ ಮತ್ತು ಬಿ. ಜಯಮ್ಮನವರೂ ಹಾಗೆಯೇ. ಇಂಥ ಕಡೆ ಮನಸ್ತಾಪ ಬಂದರೆ ನಾಟಕವೇ ನಿಲ್ಲುತ್ತದೆ, ನಾಟಕ ಸೋತರೆ ಸಂಸಾರ ಸಾಲಕ್ಕೆ ಬೀಳುತ್ತದೆ. ಒಂದರ ಪೆಟ್ಟನ್ನು ತಡೆಯಲು ಇನ್ನೊಂದು ಇರಲಿಲ್ಲ.

ಮೂರನೆಯದು ಸಿನಿಮಾ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು 1917ರಲ್ಲಿ ವಹಿಸಿಕೊಂಡ ವೀರಣ್ಣನವರು ದೂರದೃಷ್ಟಿಯವರೇ, ಮೂಕಿ ಚಿತ್ರಕ್ಕೂ ಕೈಹಾಕಿದರು. ಆದರೆ ವೇಳೆ ಕೈಕೊಟ್ಟಿತು. 1931ರ ಮಾರ್ಚ್‌ನಲ್ಲಿ ‘ಆಲಂ ಆರಾ’ ಮಾತಾಡಿದ ಮೇಲೆ 1932ರ ‘ಹರಿಮಾಯ’ದಂಥ ಮೂಕಿಗೆ ಜನ ಎಲ್ಲಿಂದ ಬರಬೇಕು? ಅದನ್ನು ನಿರ್ದೇಶಿಸಿದ ವೈ.ವಿ. ರಾವ್ ಅವರೇ ಎರಡು ವರ್ಷದ ಮೇಲೆ ‘ಸತಿ ಸುಲೋಚನ’ ನಿರ್ದೇಶಿಸಿದರು. ಕೈ ಅದೇ, ಯಂತ್ರ ಬೇರೆ. ಎರಡನೆಯ ಮಹಾಯುದ್ಧ ಬಂದಾಗ ಫಿಲ್ಮಿಗೇ ತತ್ವಾರ. ಚಿತ್ರದ ಉದ್ದವನ್ನು 11,000 ಅಡಿಗೆ, ಎಂದರೆ ಎರಡು ಗಂಟೆಗೆ, ಸರ್ಕಾರ ಮಿತಿಗೊಳಿಸಿತು. ರಾತ್ರಿಯಿಡೀ ಆಡುತ್ತಿದ್ದ ನಾಟಕದವರಿಗೆ ಇದು ಅಂಗಿ ಕತ್ತರಿಸಿ ರುಮಾಲು ಮಾಡಿದ ಹಾಗೆ.

ಉಳಿದವರು ಹೇಗೆ ಉಳಿದರು ಎಂಬುದೇ ನನಗೆ ಹೆಚ್ಚು ಕುತೂಹಲದ್ದು. ನಾಗೇಂದ್ರರಾಯರ ಮನೆ ನೋಡಿ. ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಗೀತರಚನೆಗೆ, ಕೃಷ್ಣಪ್ರಸಾದ್ ಕ್ಯಾಮೆರಾಕ್ಕೆ, ಸುದರ್ಶನ್ ನಟನೆಗೆ. ಒಂದು ಬುಟ್ಟಿಯಲ್ಲಿದ್ದ ಕಸುಬು ಮೂರು ಬುಟ್ಟಿಗೆ ಹಂಚಿಹೋಯಿತು. ವೈ.ವಿ. ರಾವ್ ಮತ್ತು ಕುಮಾರಿ ರುಕ್ಮಿಣಿಯವರ ಮಗಳು ಲಕ್ಷ್ಮಿ ನಾಲ್ಕು ಭಾಷೆಯಲ್ಲಿ ದುಡಿದರು, ಒಂದು ಕಡೆ ಬತ್ತಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು 1951ರಲ್ಲಿ ತೀರಿಕೊಂಡರು. ಮಗ ಮುತ್ತುರಾಜ, ಸುಬ್ಬಯ್ಯನಾಯ್ಡು ಅವರ ಕಂಪನಿಯಲ್ಲೂ ಪಾತ್ರ ಮಾಡಿ, 1954ರಲ್ಲಿ ಗುಬ್ಬಿಯವರ ಪಾಲಿದ್ದ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಒಂದು ಕಂಪನಿಯ ಮಕ್ಕಳಿಗೆ ಇನ್ನೊಂದು ಕಂಪನಿಯಲ್ಲಿ ಎಲೆ ಹಾಕುವ ರೂಢಿ ಇದ್ದದ್ದೇ ಆ ಕಾಲದ ವಿಮೆ.

ಪ್ರಶ್ನೆ: ‘ಭೂತಯ್ಯನ ಮಗ ಅಯ್ಯು’ವಿನ ಲೋಕೇಶ್ ಮೊದಲ ವಾಕ್ಚಿತ್ರದ ನಾಯಕನ ಮಗನೇ? (ಚಿಕ್ಕಮಗಳೂರು)

ಉತ್ತರ: ಹೌದು, ಸುಬ್ಬಯ್ಯನಾಯ್ಡು ಅವರ ಮಗ. 1947ರಲ್ಲಿ ಹುಟ್ಟಿದವರು, ತಂದೆ 1962ರಲ್ಲಿ ತೀರಿಕೊಂಡರು. 1974ರ ಆ ಚಿತ್ರದ ಕಥೆ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ಚಿತ್ರೀಕರಣ ನಿಮ್ಮ ಕಳಸಾಪುರದಲ್ಲಿ.

ಪ್ರಶ್ನೆ: ಹಳೆಯ ಗ್ರಾಮಫೋನ್ ತಟ್ಟೆಗಳಿಗೆ ಬೂಷ್ಟು. ಸ್ಪಿರಿಟ್ ಹಾಕಿ ಒರೆಸಲೇ? (ಅರಸೀಕೆರೆ)

ಉತ್ತರ: ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳಲ್ಲಿ ಅರಗು ಇರುತ್ತದೆ, ಸ್ಪಿರಿಟ್ ಅದನ್ನು ಕರಗಿಸಿಬಿಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ತೊಟ್ಟು ಸಾಕು. ಮೆತ್ತನೆ ಬಟ್ಟೆಯಿಂದ ಗೀರಿನ ಗುಂಟ ಸುತ್ತಲೂ ಒರೆಸಿ, ಲೇಬಲ್ ನೆನೆಯಬಾರದು. ನೆರಳಲ್ಲಿ ಒಣಗಿಸಿ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಎಲ್.ಪಿ. (ಆಮೇಲೆ ಬಂದ ಸಣ್ಣ ಗೀರಿನ ತಟ್ಟೆ) ಮುಳ್ಳಿನಿಂದ ನುಡಿಸಿದರೆ ಅದು ಅಗಲ ಗೀರಿನ ತಳದಲ್ಲಿ ಉರುಳಾಡಿ ಬರೀ ಕರಕರ ಕೇಳಿಸುತ್ತದೆ. ಈ ತಟ್ಟೆಗೆ ಅದರ ಮೂರು ಪಟ್ಟು ದಪ್ಪ ತುದಿಯ ಮುಳ್ಳು ಬೇಕು.

ಪ್ರಶ್ನೆ: ಕಂಪನಿ ಕಾಲದ ವೇಷದ ಫೋಟೊಗಳು ಪ್ರತಿ ಮಳೆಗಾಲಕ್ಕೂ ಬೂಷ್ಟು ಹಿಡಿಯುತ್ತವೆ. ಒಂದು ಕಟ್ಟಿನ ಗಾಜಿಗೇ ಅಂಟಿದೆ. (ಮೂಡಿಗೆರೆ)

ಉತ್ತರ: ಗಾಜಿಗೆ ಅಂಟಿದ್ದನ್ನು ಕೀಳಬೇಡಿ, ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, 600 ಡಿ.ಪಿ.ಐ.ಗೆ (ಇಂಚಿಗೆ 600 ಚುಕ್ಕಿ) ಕಡಿಮೆ ಬೇಡ. ಬೂಷ್ಟು ಹಸಿಯಿದ್ದಾಗ ಒರೆಸಿದರೆ ಒಳಗೆ ಇಳಿಯುತ್ತದೆ. ಬಿಸಿಲು ಬಿದ್ದ ದಿನ ನೆರಳಿನ ಗಾಳಿಗೆ ಇಟ್ಟು, ಪೂರ್ತಿ ಒಣಗಿದ ಮೇಲೆ ಮೆತ್ತನೆ ಕುಂಚದಿಂದ ಹೊರಗಡೆ ಕೊಡವಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಷ್ಟು ಹುಟ್ಟುತ್ತದೆ, ಮೂಡಿಗೆರೆಯ ಆಷಾಢದಲ್ಲಿ ಅದು ಇಳಿಯುವುದೇ ಇಲ್ಲ. ಹಾಗಾಗಿ ಮೇ ತಿಂಗಳಲ್ಲೇ ಒಣ ದಿನ ನೋಡಿ, ಫೋಟೊಗಳ ನಡುವೆ ಬಿಳಿ ಕಾಗದ ಇಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜೊತೆ ಮುಚ್ಚಿಬಿಡಿ. ಜೆಲ್ಲಿನ ಬಣ್ಣ ಬದಲಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ಮತ್ತೆ ಹಾಕಬಹುದು. ಬೇವಿನ ಸೊಪ್ಪು ಹಸಿ ತರುತ್ತದೆ, ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಬೆನ್ನಿನ ಮೇಲೆ ಹೆಸರು ಬರೆಯುವಾಗ ಮೆದು ಪೆನ್ಸಿಲ್ ಬಳಸಿ, ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. ‘ದ್ರೌಪದಿ’ ಎಂದು ಬರೆದು ಸುಮ್ಮನಾಗಬೇಡಿ, ವೇಷ ಹಾಕಿದವರ ಮನೆ ಹೆಸರು, ಊರು, ಕಂಪನಿ ಮೂರನ್ನೂ ಬರೆಯಿರಿ. ಆ ದ್ರೌಪದಿ ಗಂಡಸಾಗಿದ್ದರೆ ಅದನ್ನೂ.