ಮೀನು ನೋಡಿ ಊರು ಕೊಳ್ಳಬಹುದಾ?

ಪ್ರಶ್ನೆ: ನನಗೆ 58 ವರ್ಷ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ, ಇನ್ನೆರಡು ವರ್ಷಕ್ಕೆ ರಿಟೈರ್ ಆಗುತ್ತೇನೆ. ತೀರ್ಥಹಳ್ಳಿ ಕಡೆ ಹಳ್ಳದ ಪಕ್ಕದಲ್ಲೇ ಒಂದೂವರೆ ಎಕರೆ ತೋಟ, ಹಳೇ ಮನೆ ಮಾರಾಟಕ್ಕಿದೆ ಅಂತ ಭಾವಮೈದ ತೋರಿಸಿದ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಗಾಳ ಹಾಕುತ್ತಿದ್ದೆ, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಅಜ್ಜ ಶಿಕಾರಿಗೂ ಹೋಗುತ್ತಿದ್ದರು. ‘ಇಲ್ಲಿ ಮೀನು, ಶಿಕಾರಿ ಎರಡೂ ಚೆನ್ನಾಗಿದೆ ಸಾರ್’ ಅನ್ನುತ್ತಾನೆ ಬ್ರೋಕರ್. ನಂಬಬಹುದಾ? ಕೊಳ್ಳುವ ಮೊದಲೇ ತಿಳಿದುಕೊಳ್ಳುವುದು ಹೇಗೆ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಶಿಕಾರಿ ವಿಷಯ ಮೊದಲು ಮುಗಿಸಿಬಿಡೋಣ. ಅಜ್ಜನ ಕಾಲ ಹೋಯಿತು ಸಾರ್. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಹಂದಿ, ಕಡವೆ, ಬರ್ಕ (ಪುಟ್ಟ ಜಿಂಕೆಯಂಥ ಪ್ರಾಣಿ), ಮೊಲ, ಕಾಡುಕೋಳಿ ಯಾವುದನ್ನೂ ಹೊಡೆಯುವ ಹಾಗಿಲ್ಲ. ಅಡುಗೆಮನೆಯಲ್ಲಿ ಮಾಂಸ ಸಿಕ್ಕರೂ ಕೇಸು. ಬೆಳೆ ಕಾಯುವುದಕ್ಕೆ ಅಂತ ಕೋವಿ ಲೈಸೆನ್ಸ್ ಕೊಡುತ್ತಾರೆ ನಿಜ, ಆದರೆ ಅದು ಬೇಟೆಯ ಪರವಾನಗಿ ಅಲ್ಲ. ಚುನಾವಣೆ ಬಂದರೆ ಆ ಕೋವಿಯನ್ನೂ ಸ್ಟೇಷನ್ನಿಗೆ ಕೊಟ್ಟು ಬರಬೇಕು. ‘ಕೊಡಗಿನಲ್ಲಿ ಇದೆಯಲ್ಲ’ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಕೊಡವರಿಗೆ, ಜಮ್ಮಾ (ಅಲ್ಲಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗಲ್ಲ.

ಹಾಗಾಗಿ ಬ್ರೋಕರ್ ‘ಶಿಕಾರಿ ಚೆನ್ನಾಗಿದೆ’ ಅಂದರೆ ‘ಹಂದಿ ಕಾಟ ಜಾಸ್ತಿ’ ಅಂತ ಅರ್ಥ ಮಾಡಿಕೊಳ್ಳಿ. ತೋಟದ ಅಂಚಿನಲ್ಲಿ ಮಣ್ಣು ಉತ್ತ ಹಾಗೆ ಎದ್ದಿದೆಯಾ, ಬಾಳೆ ಬುಡ ಅಗೆದಿದೆಯಾ ನೋಡಿ. ಇದ್ದರೆ ಬೇಲಿ ಖರ್ಚನ್ನು ತೋಟದ ಬೆಲೆಗೆ ಸೇರಿಸಿಕೊಂಡು ಚೌಕಾಶಿ ಮಾಡಿ.

ಇನ್ನು ಮೀನು. ಇಲ್ಲಿ ನನ್ನದೇ ಕಥೆ ಹೇಳಬೇಕು. ಹದಿನೆಂಟು ವರ್ಷದ ಹಿಂದೆ ನಾನೂ ಹೀಗೇ ಹಳ್ಳದ ಪಕ್ಕದ ಮನೆಗೆ ಮರುಳಾದವನು. ನೋಡಿದ್ದು ಅಕ್ಟೋಬರಿನಲ್ಲಿ. ಸೊಂಟದ ಮಟ್ಟ ತಿಳಿನೀರು, ಕಲ್ಲಿನ ಸಂದಿಯಲ್ಲಿ ಮರಿಗಳ ಹಿಂಡು. ಅವತ್ತೇ ಅಡ್ವಾನ್ಸ್ ಕೊಟ್ಟೆ. ಮಾರ್ಚ್ ಮುಗಿಯುವಷ್ಟರಲ್ಲಿ ಹಳ್ಳದಲ್ಲಿ ಮೂರು ಗುಂಡಿ ಉಳಿದಿದ್ದವು. ಮೇಲಿನ ತೋಟದವರು ಅಷ್ಟಕ್ಕೂ ಪಂಪು ಇಟ್ಟಿದ್ದರು. ಕೊನೆಯ ಗುಂಡಿಯಲ್ಲಿ ನನ್ನ ವಾಟೆಕೋಲಿನ ಗಾಳಕ್ಕೆ ಸಿಕ್ಕಿದ್ದು ಬೆರಳುದ್ದದ ಒಂದು ಮೀನು. ಅದನ್ನು ವಾಪಸ್ ಬಿಟ್ಟೆ. ಬಿಟ್ಟಮೇಲೆ ನೆನಪಾಯಿತು, ಆ ಗುಂಡಿ ಇನ್ನು ನಾಲ್ಕು ದಿನವೂ ಇರುವುದಿಲ್ಲ ಅಂತ.

ಸರಿ, ಹಳ್ಳ ಹೋಗಲಿ, ಊರಿನ ಕೆರೆ ಇದೆಯಲ್ಲ ಅಂತ ಅಲ್ಲಿಗೆ ಹೋದೆ. ಗಾಳದ ಬೆಂಡು ನೀರಿಗೆ ಬಿದ್ದು ಹತ್ತು ನಿಮಿಷ ಆಗಿರಲಿಲ್ಲ, ಬೈಕಿನಲ್ಲಿ ಒಬ್ಬ ಬಂದ. ‘ಯಾರನ್ನು ಕೇಳಿ ಹಾಕಿದ್ರಿ?’ ಕೆರೆ ಗುತ್ತಿಗೆ ಅವನದು. ಮರಿ ಬಿಟ್ಟವನೂ ಅವನೇ, ತಪ್ಪು ನನ್ನದೇ. ಮಲೆನಾಡಿರಲಿ ಬಯಲುಸೀಮೆಯಿರಲಿ, ಕೆರೆ ಕಂಡರೆ ಮೊದಲು ಪಂಚಾಯಿತಿ ಆಫೀಸಿಗೆ ಹೋಗಿ ‘ಮೀನು ಗುತ್ತಿಗೆ ಯಾರದು?’ ಅಂತ ಕೇಳಿ. ದೊಡ್ಡ ಕೆರೆ, ಡ್ಯಾಮಿನ ಹಿನ್ನೀರು ಆದರೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಗುತ್ತಿಗೆದಾರನ ಜೊತೆ ಸ್ನೇಹ ಬೆಳೆಸಿದರೆ ಕೂರುವುದಕ್ಕೆ ಜಾಗ ಸಿಗುತ್ತದೆ. ನನಗೆ ಈಗ ಸಿಕ್ಕಿದೆ.

ನದಿ ಹತ್ತಿರ ಇದೆ ಅಂತಲೂ ಸುಮ್ನೆ ಹಿಗ್ಗಬೇಡಿ. ತುಂಗೆಯಲ್ಲಿ ಶೃಂಗೇರಿಯ ಸ್ನಾನಘಟ್ಟ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಇವೆಲ್ಲ ದೇವರ ಮೀನಿನ ಜಾಗ. ಮಂಡಕ್ಕಿ ಹಾಕಿ ಕೈಮುಗಿಯಬಹುದು ಅಷ್ಟೆ. ಹೊಳೆ ಅಭಯಾರಣ್ಯದ ಒಳಗೆ ಹರಿಯುತ್ತಿದ್ದರೆ ಗಾಳದ ಚೀಲ ಮನೆಯಲ್ಲೇ ಇರಲಿ. ಕಾವೇರಿಯ ಭೀಮೇಶ್ವರಿಗೆ ಬಿಳಿಮೀನು (ಮಹಶೀರ್) ಹಿಡಿಯಲು ವಿದೇಶದಿಂದ ಜನ ಬರುತ್ತಿದ್ದ ಕಾಲ ಒಂದಿತ್ತು. ಅದು ಅಭಯಾರಣ್ಯದ ಜಾಗ, ಅಲ್ಲಿ ಗಾಳ ನಿಂತುಹೋಯಿತು. ಆ ಡುಬ್ಬದ ಬಿಳಿಮೀನು ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಷ್ಟೇ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು.

ಮತ್ತೆ ನೋಡುವುದು ಏನನ್ನು? ಏಪ್ರಿಲ್ ಕೊನೆಗೆ ಹೋಗಿ, ನೀರು ಎಷ್ಟು ಉಳಿದಿದೆ ನೋಡಿ. ವಾರದ ಸಂತೆಯಲ್ಲಿ ಮೀನು ಮಾರುವ ಹೆಂಗಸಿನ ಬುಟ್ಟಿ ನೋಡಿ. ಬರೀ ಸಮುದ್ರದ ಬಂಗುಡೆ, ಭೂತಾಯಿ ಇದ್ದರೆ ಊರಿನ ನೀರಿನಲ್ಲಿ ಮಾರುವಷ್ಟು ಮೀನಿಲ್ಲ ಅಂತ ಲೆಕ್ಕ. ಬರೀ ಜಿಲೇಬಿ ಮೀನು (ತಿಲಾಪಿಯಾ) ಇದ್ದರೂ ಸಂಶಯಪಡಿ, ಅದು ಸೇರಿಕೊಂಡ ಕಡೆ ಊರಿನ ಮೀನು ಕಮ್ಮಿಯಾಗುತ್ತದೆ. ಕೊರವ, ಗೆಂಡೆ, ಬಾಳೆಮೀನು ಕಂಡರೆ ‘ಯಾವ ಹೊಳೆಯದ್ದಮ್ಮಾ?’ ಅಂತ ಕೇಳಿ. ಆಕೆ ಹೇಳುವಷ್ಟು ಬ್ರೋಕರ್ ಹೇಳಲ್ಲ.

ಆಮೇಲೆ ಗಾಳದ ಕೊಕ್ಕೆ ಮಾರುವ ಅಂಗಡಿ. ನಾನು ಈಗ ಯಾವ ಊರಿಗೆ ಹೋದರೂ ಅಲ್ಲಿ ಎರಡು ರೂಪಾಯಿಯ ಕೊಕ್ಕೆ ಕೇಳುತ್ತೇನೆ. ‘ಈಗ ಯಾರು ಹಾಕ್ತಾರೆ ಸಾರ್’ ಅಂದರೆ ಮಾತು ಮುಗಿಯಿತು. ‘ಯಾವ ನಂಬರು?’ ಅಂತ ತಿರುಗಿ ಕೇಳಿದರೆ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ತೋಟೆ (ನೀರಿಗೆ ಎಸೆಯುವ ಸಿಡಿಮದ್ದು) ಹಾಕುವವರು ಇದ್ದಾರಾ ಅಂತಲೂ ಮೆಲ್ಲಗೆ ವಿಚಾರಿಸಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೇ ಅಪರಾಧ, ಆದರೂ ನಿಂತಿಲ್ಲ. ಒಂದು ತೋಟೆ ಬಿದ್ದ ಗುಂಡಿಯಲ್ಲಿ ಮರಿಯೂ ಉಳಿಯುವುದಿಲ್ಲ.

ಎರಡನೇ ಸಲ ಜೂನ್ ಹೊತ್ತಿನ ಮಿರ್ಗದ (ಮೃಗಶಿರಾ) ಮಳೆ ಹಿಡಿದ ವಾರ ಹೋಗಿ. ಹತ್ತುಮೀನು, ಅಂದರೆ ಮೊಟ್ಟೆ ಇಡಲು ಹೊಳೆಯಿಂದ ಮೇಲೆ ಹತ್ತುವ ಮೀನು, ಗದ್ದೆಗೆ ಏರುತ್ತದೆ, ರಾತ್ರಿ ಟಾರ್ಚು ಕತ್ತಿ ಹಿಡಿದು ಊರೇ ಹೊರಗಿರುತ್ತದೆ, ತೋಡಿಗೆ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡಿರುತ್ತಾರೆ. ಅದು ಮೊಟ್ಟೆ ತುಂಬಿದ ಮೀನು, ನನಗಂತೂ ಈಗ ಮನಸ್ಸು ಬರುವುದಿಲ್ಲ. ಆದರೆ ಅವತ್ತು ಗದ್ದೆಗೆ ಮೀನೇ ಏರದಿದ್ದರೆ ಆ ಹಳ್ಳಕ್ಕೂ ಹೊಳೆಗೂ ನಂಟು ಕಡಿದಿದೆ, ನಡುವೆ ಎಲ್ಲೋ ಕಟ್ಟೆ ಎದ್ದಿದೆ ಅಂತ ತಿಳಿಯಿರಿ.

ಎರಡೂ ಸಲ ಒಬ್ಬರೇ ಹೋಗಿ. ಭಾವಮೈದ ಬೇಡ, ಅಲ್ಲಿಯವರೆಗೆ ಬ್ರೋಕರಿಗೆ ಅಡ್ವಾನ್ಸೂ ಬೇಡ.