ಸಣ್ಣ ಮರಗೆಲಸದ ಶೆಡ್ಡಿಗೆ ಎಷ್ಟು ಎಚ್‌ಪಿ ಡಸ್ಟ್ ಕಲೆಕ್ಟರ್ ಬೇಕು?

ನೀವು ಕೇಳಿರುವುದು ಇಷ್ಟು: ತುಮಕೂರಲ್ಲಿ 20 ಅಡಿಗೆ 30 ಅಡಿ ಶೀಟ್ ಶೆಡ್, ಒಳಗೆ ಹಲಗೆ ಕೊಯ್ಯುವ ಪ್ಯಾನಲ್ ಸಾ, ಮರದ ದಪ್ಪ ಸಮ ಮಾಡುವ ಥಿಕ್ನೆಸ್ ಪ್ಲೇನರ್, ಮರ ಉಜ್ಜುವ ಒಂದೆರಡು ಕೈ ಸ್ಯಾಂಡರ್. ಕೆಲಸಕ್ಕೆ ನೀವು ಮತ್ತು ಇಬ್ಬರು ಹುಡುಗರು. ಒಂದು ಪಕ್ಕದಲ್ಲಿ ಮನೆಗಳಿವೆ. ಎಷ್ಟು ಎಚ್‌ಪಿ ಕಲೆಕ್ಟರ್, ಅಂದರೆ ಹೊಟ್ಟು ಹುಡಿ ಎಳೆದುಕೊಳ್ಳುವ ಮೆಷಿನ್, ತರಬೇಕು?

ನಾನೂ ತುಮಕೂರಲ್ಲೇ ಬಾಗಿಲು, ವಾರ್ಡ್‌ರೋಬ್ ಮಾಡುವವನು. ಒಂದು ಸಲಕ್ಕೆ ಒಂದೇ ಮೆಷಿನ್ ಓಡಿಸುವುದಾದರೆ ನಿಮಗೆ 3 ಎಚ್‌ಪಿ, ತ್ರೀ ಫೇಸ್ ಸಾಕು. ಆದರೆ ಬರೀ ಎಚ್‌ಪಿ ನೋಡಿ ತಂದು, ಕೈಗೆ ಸಿಕ್ಕಿದ ಪೈಪ್ ಜೋಡಿಸಿದರೆ ದುಡ್ಡು ದಂಡ. ಮೊದಲು ಪೈಪಿನ ಲೆಕ್ಕ, ಆಮೇಲೆ ಮೋಟರ್.

ಹೊಟ್ಟು ಪೈಪಿನಲ್ಲಿ ಕೂರದೆ ಮುಂದೆ ಹೋಗಬೇಕಾದರೆ ಗಾಳಿ ನಿಮಿಷಕ್ಕೆ ಸುಮಾರು 4000 ಅಡಿ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ ಹೋಗುವುದು 350 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 350 ಘನ ಅಡಿ ಗಾಳಿ. 6 ಇಂಚಿನದರಲ್ಲಿ 785. ವ್ಯತ್ಯಾಸ ನೋಡಿದಿರಲ್ವಾ? ಎಷ್ಟೋ ಕಡೆ ಮೇನ್ ಲೈನ್ 6 ಇಂಚು ಎಳೆದು, ಮೆಷಿನ್ ಹತ್ತಿರ ಬಂದಾಗ 4 ಇಂಚಿಗೆ ಇಳಿಸಿಬಿಡುತ್ತಾರೆ. ಆಗ ಮೇನ್ ಲೈನಿನಲ್ಲೂ ಹೆಚ್ಚುಕಮ್ಮಿ ಆ 350 ಮಾತ್ರ ಓಡುತ್ತದೆ. ವೇಗ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹೊಟ್ಟು ಪೈಪಿನ ತಳದಲ್ಲೇ ಕೂತು ಒಂದಿನ ಪೂರ್ತಿ ಕಟ್ಟಿಕೊಳ್ಳುತ್ತದೆ. ಅದಕ್ಕೇ 6 ಇಂಚನ್ನು ಮೆಷಿನ್‌ವರೆಗೂ ತನ್ನಿ. ಪ್ಯಾನಲ್ ಸಾಗೆ ಕೆಳಗೊಂದು, ಬ್ಲೇಡ್ ಗಾರ್ಡ್ ಮೇಲೊಂದು 4 ಇಂಚಿನ ಬಾಯಿ ಕೊಟ್ಟು, ಎರಡನ್ನೂ ಒಟ್ಟಿಗೆ ತೆರೆದಿಟ್ಟರೂ ಲೆಕ್ಕ ಸರಿಹೋಗುತ್ತದೆ.

ಪೈಪಿಗೆ ಬೇರೆ ಊರು ಹುಡುಕಬೇಡಿ. ಹಾರ್ಡ್‌ವೇರ್ ಅಂಗಡಿಯ ಡ್ರೈನೇಜ್ ಪಿವಿಸಿಯಲ್ಲಿ 110 ಎಂಎಂ ಅಂದರೆ ಹೆಚ್ಚುಕಮ್ಮಿ 4 ಇಂಚು, 160 ಎಂಎಂ ಅಂದರೆ 6 ಇಂಚು. ಕವಲಿಗೆ ಟೀ ಜಾಯಿಂಟ್ ಹಾಕಬೇಡಿ, 45 ಡಿಗ್ರಿ ವೈ ಜಾಯಿಂಟ್ ಹಾಕಿ. ತಿರುವಿಗೆ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45. ಸುರುಳಿ ಹೋಸ್ ಮೆಷಿನ್ ಹತ್ತಿರ ಎರಡು ಅಡಿ ಇದ್ದರೆ ಸಾಕು, ಅದರ ಏಣುಗಳು ಗಾಳಿಯನ್ನು ತುಂಬಾ ತಡೆಯುತ್ತವೆ. ಪಿವಿಸಿ ಮುಟ್ಟಿದಾಗ ಚುರುಕ್ ಅನ್ನುವ ಸ್ಟ್ಯಾಟಿಕ್‌ಗೆ ಬರಿಯ ತಾಮ್ರದ ತಂತಿ ಸುತ್ತಿ ಅರ್ಥ್ ಮಾಡಿ. ಪ್ರತಿ ಕವಲಿಗೂ ಒಂದು ಗೇಟ್ ಇರಲಿ, ಓಡುವ ಮೆಷಿನ್ನಿನದು ಮಾತ್ರ ತೆರೆದಿರಲಿ. ಜಾಸ್ತಿ ಹೊಟ್ಟು ಬರುವುದು ಪ್ಲೇನರ್‌ನಿಂದ, ಅದನ್ನು ಕಲೆಕ್ಟರ್ ಪಕ್ಕದಲ್ಲೇ ಇಡಿ.

ಅಮೆರಿಕದ ವಿಡಿಯೋ ನೋಡಿ ಲೆಕ್ಕ ಹಾಕುತ್ತಿದ್ದರೆ ಒಂದು ವಿಷಯ ಗಮನಿಸಿ. ಅಲ್ಲಿ ಕರೆಂಟ್ 60 ಹರ್ಟ್ಜ್, ನಮ್ಮಲ್ಲಿ 50. ಅದೇ ಫ್ಯಾನ್ ನಮ್ಮಲ್ಲಿ ಆರನೇ ಒಂದು ಪಾಲು ನಿಧಾನ ತಿರುಗುತ್ತದೆ. ಗಾಳಿಯೂ ಅಷ್ಟೇ ಕಮ್ಮಿ, ಎಳೆಯುವ ಒತ್ತಡ ಮಾತ್ರ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಕಂಪನಿಯವರು ಬರೆಯುವ ಸಿಎಫ್‌ಎಂ ಕೂಡ ಸಾಮಾನ್ಯವಾಗಿ ಪೈಪ್ ಹಾಕದೆ ಅಳೆದದ್ದು. ಬೆಂಡು, ಫಿಲ್ಟರ್ ಎಲ್ಲ ಸೇರಿದ ಮೇಲೆ ಅದರ ಅರ್ಧ ಸಿಕ್ಕರೂ ಆಶ್ಚರ್ಯ ಬೇಡ.

ಇಷ್ಟೆಲ್ಲ ಯಾಕೆ ಅಂದರೆ, ನೆಲದ ಮೇಲೆ ಕಾಣುವ ದಪ್ಪ ಹೊಟ್ಟು ಅಷ್ಟು ದೊಡ್ಡ ತೊಂದರೆ ಅಲ್ಲ. ದೊಡ್ಡ ತೊಂದರೆ ಕಾಣದ ಹುಡಿಯದು. ಒಂದು ಸಂಜೆ ಸ್ಯಾಂಡಿಂಗ್ ಮುಗಿದ ಮೇಲೆ ಶಟರ್ ಎಳೆದು, ಲೈಟ್ ಆರಿಸಿ, ಕತ್ತಲಲ್ಲಿ ಟಾರ್ಚ್ ಬಿಡಿ. ಬೆಳಕಿನ ಗೆರೆಯೊಳಗೆ ಸಣ್ಣ ಹುಡಿ ಕೆಳಗಿಳಿಯದೆ ಸುಮ್ನೆ ತೇಲುತ್ತಿರುತ್ತದೆ. ಅದು ಗಂಟೆಗಟ್ಟಲೆ ಹಾಗೇ ಇರುತ್ತದೆ, ಹುಡುಗರು ಉಸಿರಾಡುವುದು ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನೊಳಗಿನ ಕ್ಯಾನ್ಸರ್ ಅದು. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ, ಕೊಯ್ಯುವಾಗ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಮುಖಕ್ಕೆ ಟವೆಲ್ ಕಟ್ಟಿದರೆ ಈ ಹುಡಿ ನಿಲ್ಲುವುದಿಲ್ಲ. ಸ್ಯಾಂಡಿಂಗ್ ಮಾಡುವವರಿಗೆ ಎನ್95 ಕೊಡಲೇಬೇಕು. ದಯವಿಟ್ಟು ಕಂಪ್ರೆಸರ್ ಗಾಳಿ ಹೊಡೆದು ಶೆಡ್ ಕ್ಲೀನ್ ಮಾಡಿಸಬೇಡಿ, ಕೂತ ಹುಡಿಯೆಲ್ಲ ಮತ್ತೆ ಮೇಲೇಳುತ್ತದೆ.

ಹಾಗಾಗಿ ಬಟ್ಟೆ ಚೀಲದ ಕಲೆಕ್ಟರನ್ನು ಶೆಡ್ ಒಳಗೆ ಇಡಬೇಡಿ. ದಪ್ಪ ಹೊಟ್ಟು ಚೀಲದಲ್ಲಿ ಉಳಿದು, ಸಣ್ಣ ಹುಡಿ ಬಟ್ಟೆಯಿಂದ ಹೊರಗೆ ಬರುತ್ತದೆ. ಚಳಿ ದೇಶದವರು ಒಳಗಿನ ಬಿಸಿ ಗಾಳಿ ಹೋಗಬಾರದು ಅಂತ ಅದನ್ನೇ ಶೋಧಿಸಿ ಒಳಗೆ ಬಿಡುತ್ತಾರೆ. ನಮ್ಮೂರಿಗೆ ಆ ಚಿಂತೆ ಇಲ್ಲ. ಮನೆ ಇಲ್ಲದ ಕಡೆಯ ಗೋಡೆ ಆಚೆ ಸಣ್ಣ ತಗಡಿನ ಚಪ್ಪರ ಹಾಕಿ, ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ದಪ್ಪ ಹೊಟ್ಟನ್ನು ಕೆಳಗಿನ ಡ್ರಮ್ಮಿಗೆ ಬೀಳಿಸುವ ಭಾಗ), ಫ್ಯಾನ್, ಫಿಲ್ಟರ್ ಮೂರನ್ನೂ ಅಲ್ಲಿಡಿ. ಪಕ್ಕದಲ್ಲಿ ಮನೆಗಳಿರುವುದರಿಂದ ಸಣ್ಣ ಹುಡಿ ಹಿಡಿಯುವ, ನೆರಿಗೆ ನೆರಿಗೆಯಾಗಿ ಮಡಿಸಿದ ಫಿಲ್ಟರ್ ಬೇಕೇ ಬೇಕು. ಎದುರು ಗೋಡೆಯಲ್ಲಿ ಕಿಟಕಿ ತೆರೆದಿರಲಿ, ಒಳಗೆ ಬರುವ ಗಾಳಿ ಇಲ್ಲದಿದ್ದರೆ ಫ್ಯಾನ್ ಏನನ್ನು ಎಳೆಯಬೇಕು?

ಕೈ ಸ್ಯಾಂಡರ್‌ಗಳನ್ನು ಈ ಲೈನಿಗೆ ಜೋಡಿಸಬೇಡಿ. ಸಣ್ಣ ಹೋಸಿಗೆ ಬೇಕಾದ ಒತ್ತಡ ಈ ಫ್ಯಾನಿನಲ್ಲಿ ಇರುವುದಿಲ್ಲ. ಅದಕ್ಕೆ ಬೇರೆ ವ್ಯಾಕ್ಯೂಮ್ ಕ್ಲೀನರ್ ಇಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲೈನ್‌ಮನ್ ಕಂಬದ ಕೆಲಸ ಮಾಡಿ ಹೋದ ಮೇಲೆ ಫೇಸ್ ಅದಲು ಬದಲಾಗಿದ್ದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದರೂ ಈ ಥರದ ಫ್ಯಾನ್ ಗಾಳಿಯನ್ನು ಅದೇ ಕಡೆಗೆ ಎಳೆಯುತ್ತದೆ, ಆದರೆ ತೀರಾ ಕಮ್ಮಿ. ಸದ್ದು ಇರುತ್ತದೆ, ಎಳೆತ ಇರುವುದಿಲ್ಲ. ಜನ ಫಿಲ್ಟರ್ ಬಿಚ್ಚಿ ಒದ್ದಾಡುತ್ತಾರೆ. ಮೊದಲು ಫ್ಯಾನ್ ಮೇಲಿನ ಬಾಣದ ಗುರುತು ನೋಡಿ. ಉಲ್ಟಾ ಇದ್ದರೆ ಎರಡು ಫೇಸ್ ವೈರ್ ಅದಲು ಬದಲು ಮಾಡಿಸಿ.

ಮೊಳೆ ಇರುವ ಹಳೇ ಮರ ಕೊಯ್ದ ದಿನ ಡ್ರಮ್ ಖಾಲಿ ಮಾಡಿಯೇ ಬೀಗ ಹಾಕಿ. ಒಂದು ಕಿಡಿ ಹೊಟ್ಟಿನೊಳಗೆ ಹೊಕ್ಕರೆ ರಾತ್ರಿಯಿಡೀ ಒಳಗೊಳಗೇ ಉರಿಯುತ್ತದೆ. ಕಬ್ಬಿಣ ಉಜ್ಜುವ ಗ್ರೈಂಡರನ್ನಂತೂ ಈ ಲೈನ್ ಹತ್ತಿರಕ್ಕೂ ತರಬೇಡಿ.

ಬಾಗಿಲು, ಕಿಟಕಿ, ಮೆಷಿನ್ ಎಲ್ಲೆಲ್ಲಿ ಬರುತ್ತವೆ ಅಂತ ಒಂದು ಕೈನಕ್ಷೆ ಬರೆದು ಹಾಕಿ. ಮೇನ್ ಲೈನ್ ಯಾವ ಗೋಡೆಗೆ ಎಳೆಯಬಹುದು ಅಂತ ನೋಡಿ ಹೇಳುತ್ತೇನೆ.